ಯಾವ ಸ್ಟೀವನ್ಸ್?

ಲಂಡನ್ನಿನ ಸೇಂಟ್ ಪಾಲ್ ಕೆಥೆಡ್ರಲ್‌ನ ವಾಸ್ತುಶಿಲ್ಪಿ ಯಾರು? ಕ್ರಿಸ್ಟೊಫರ್ ರೆನ್. ದೆಹಲಿಯ ರಾಷ್ಟ್ರಪತಿ ಭವನ? ಎಡ್ವಿನ್ ಲುಟಿಯನ್ಸ್. ಮುಂಬಯಿಯ ವಿಕ್ಟೋರಿಯಾ ಟರ್ಮಿನಸ್? ಎಫ್. ಡಬ್ಲ್ಯು. ಸ್ಟೀವನ್ಸ್. ರಸಪ್ರಶ್ನೆ ಸ್ಪರ್ಧೆಗೆ ತಯಾರಾಗುವ ಹುಡುಗರಿಗೆ ಈ ಹೆಸರುಗಳೆಲ್ಲ ಕಂಠಪಾಠ. ಆದರೆ ಯಶವಂತಪುರದ ಮಗ್ಗುಲಲ್ಲೇ, ಜನರು ಇಂದಿಗೂ ‘ಟಾಟಾ ಇನ್‌ಸ್ಟಿಟ್ಯೂಟ್’ ಎಂದು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯ ಗೋಪುರದ ಕಟ್ಟಡವನ್ನು ರೂಪಿಸಿದವರು ಯಾರು ಎಂದರೆ ತಡವರಿಸುವವರೇ ಹೆಚ್ಚು.

ಇದಕ್ಕೂ ಉತ್ತರ ಸ್ಟೀವನ್ಸ್ ಎಂದೇ. ತೊಡಕಿರುವುದೂ ಇಲ್ಲಿಯೇ. 1847ರಲ್ಲಿ ಇಂಗ್ಲೆಂಡಿನ ಬಾತ್ ಪಟ್ಟಣದಲ್ಲಿ ಹುಟ್ಟಿದ ಎಫ್. ಡಬ್ಲ್ಯು. ಸ್ಟೀವನ್ಸ್ 1900ರಲ್ಲೇ ತೀರಿಕೊಂಡರು. ಮೈಸೂರು ಸಂಸ್ಥಾನವು ಸಂಸ್ಥೆಗೆ 371 ಎಕರೆ ಭೂಮಿ ನೀಡಿದ್ದು 1907ರಲ್ಲಿ; ನಾಲ್ವಡಿ ಕೃಷ್ಣರಾಜ ಒಡೆಯರು ಶಂಕುಸ್ಥಾಪನೆ ಮಾಡಿದ್ದು 1911ರಲ್ಲಿ. ಬೆಂಗಳೂರಿನ ಕಟ್ಟಡ ಅವರ ಮಗ, ಮುಂಬಯಿಯ ಚಾರ್ಲ್ಸ್ ಫ್ರೆಡರಿಕ್ ಸ್ಟೀವನ್ಸ್ ಅವರದು.

ಅಪ್ಪ-ಮಗನ ಕೆಲಸವನ್ನು ಹೋಲಿಸಿದರೆ ಕಾಲ ಬದಲಾದದ್ದು ಕಾಣುತ್ತದೆ. 1878ರಲ್ಲಿ ಆರಂಭವಾದ ವಿಕ್ಟೋರಿಯಾ ಟರ್ಮಿನಸ್, ಅಂದರೆ ಇಂದಿನ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್, ಗುಮ್ಮಟ, ಗೋಪುರ, ಪ್ರಾಣಿ ಪಕ್ಷಿಗಳ ಕೆತ್ತನೆಗಳಿಂದ ತುಂಬಿಹೋಗಿದೆ. ಮಗನ ಕಟ್ಟಡಕ್ಕೆ ಬೂದುಬಣ್ಣದ ಕಲ್ಲು ಮತ್ತು ನಡುವಿನ ಗೋಪುರಗಳೇ ಅಲಂಕಾರ. ಅದೇ ಮಗ 1933ರಲ್ಲಿ ಮುಂಬಯಿಯ ಕೊಲಾಬಾ ಸಮೀಪ ತೆರೆದ ರೀಗಲ್ ಚಿತ್ರಮಂದಿರವನ್ನು ಅಂದಿನ ಹೊಸ ‘ಆರ್ಟ್ ಡೆಕೊ’ ಶೈಲಿಯಲ್ಲಿ ರೂಪಿಸಿದರು.

ಸಂಸ್ಥೆಯ ಕಟ್ಟಡದ ಮುಂದಿರುವ ಜೆಮ್‌ಶೆಟ್‌ಜಿ ಟಾಟಾ ಸ್ಮಾರಕವೂ ಒಳ್ಳೆಯ ಪ್ರಶ್ನೆಯಾಗಬಲ್ಲದು. 1904ರಲ್ಲಿ ನಿಧನರಾದ ಟಾಟಾ ತಮ್ಮ ಕನಸಿನ ಸಂಸ್ಥೆಯನ್ನು ಕಾಣಲೇ ಇಲ್ಲ. 1922ರ ಈ ಸ್ಮಾರಕವನ್ನು ಮಾಡಿದ ಇಂಗ್ಲಿಷ್ ಶಿಲ್ಪಿ ಗಿಲ್ಬರ್ಟ್ ಬೇಯ್ಸ್ ಅವರದೇ ಕೃತಿ, ಲಂಡನ್ನಿನ ಸೆಲ್ಫ್ರಿಜಸ್ ಅಂಗಡಿಯ ಬಾಗಿಲ ಮೇಲಿನ ‘ಕಾಲರಾಣಿ’ಯ ಪ್ರತಿಮೆ.

ರಸಪ್ರಶ್ನೆಗೆ ಒಂದೇ ಹೆಸರು ಸಾಕು, ಅಂಕ ಸಿಗುತ್ತದೆ. ಆದರೆ ಹೆಸರಿನ ಪಕ್ಕದಲ್ಲಿ ಇಸವಿ ಇಲ್ಲದಿದ್ದರೆ ಅಪ್ಪನ ಕೀರ್ತಿ ಮಗನ ಕೆಲಸವನ್ನು ನುಂಗಿಬಿಡುತ್ತದೆ. ಕೆಲವೊಮ್ಮೆ ಹೆಸರಿದ್ದರೂ ಸಾಲದು. ವಿಕ್ಟೋರಿಯಾ ಟರ್ಮಿನಸ್‌ನ ಕೆತ್ತನೆಗಳಲ್ಲಿ ಮುಂಬಯಿಯ ಜೆ.ಜೆ. ಕಲಾಶಾಲೆಯ ವಿದ್ಯಾರ್ಥಿಗಳ ಕೈವಾಡವಿತ್ತು. ‘ಸ್ಟೀವನ್ಸ್’ ಎಂಬ ಉತ್ತರದಲ್ಲಿ ಅವರಿಗೆ ಜಾಗವಿಲ್ಲ. ನಮ್ಮ ಗೋಪುರದ ಕಲ್ಲು ಕಡೆದ ಕುಟಿಗರಿಗೂ ಇಲ್ಲ. ಮುಂದಿನ ಸಲ ಆ ದಾರಿಯಲ್ಲಿ ಹೋಗುವಾಗ ಮಕ್ಕಳಿಗೆ ಗೋಪುರ ತೋರಿಸಿ, ಕಟ್ಟಿಸಿದವರು ಯಾರು, ರೂಪಿಸಿದವರು ಯಾರು, ಕಟ್ಟಿದವರು ಯಾರು ಎಂದು ಮೂರು ಪ್ರಶ್ನೆ ಕೇಳಬಹುದು.