ಒಬ್ಬ ನ್ಯಾಯಮೂರ್ತಿ, ಎರಡು ತೀರ್ಪು, ಒಂದು ಸಂಸಾರ

ಅಮೆರಿಕದ ಪೌರತ್ವ ಇರುವವರು ಮೈಸೂರಿನಲ್ಲಿರಲಿ, ಬರ್ಲಿನ್‌ನಲ್ಲಿರಲಿ, ವರ್ಷಕ್ಕೊಮ್ಮೆ ಆ ದೇಶಕ್ಕೆ ತಮ್ಮ ವರಮಾನದ ಲೆಕ್ಕ ಒಪ್ಪಿಸಬೇಕು. ದುಡಿದದ್ದು ಎಲ್ಲಿ, ಸಂಬಳ ಕೊಟ್ಟವರು ಯಾರು ಎಂಬುದು ಅಲ್ಲಿ ಮುಖ್ಯವಲ್ಲ. ಭಾರತವೂ ಸೇರಿದಂತೆ ಹೆಚ್ಚಿನ ದೇಶಗಳು ಮುಖ್ಯವಾಗಿ ಮನುಷ್ಯ ಎಲ್ಲಿ ವಾಸವಾಗಿದ್ದಾನೆ ಎಂದು ನೋಡಿ ತೆರಿಗೆ ಹಾಕುತ್ತವೆ. ಅಮೆರಿಕ ಪಾಸ್‌ಪೋರ್ಟನ್ನೂ ನೋಡುತ್ತದೆ. ಗಂಡಹೆಂಡಿರಲ್ಲಿ ಒಬ್ಬರ ಬಳಿ ಆ ಪಾಸ್‌ಪೋರ್ಟ್ ಇದ್ದು, ಇನ್ನೊಬ್ಬರು ಗ್ರೀನ್ ಕಾರ್ಡನ್ನು ಮರಳಿಸಿ ಬಂದಿದ್ದರೆ ಒಂದೇ ಅಡುಗೆಮನೆಯ ನಡುವೆ ಒಂದು ಗಡಿ ಎದ್ದು ನಿಲ್ಲುತ್ತದೆ. ಪೌರತ್ವದ ಇತಿಹಾಸ ಓದುವ ನನಗೆ ಈ ಗಡಿಯನ್ನು ಎಳೆದವರು ಯಾರು ಎಂದು ಹುಡುಕಬೇಕೆನಿಸಿತು.

ಇದರ ಬೇರು ಯುದ್ಧದಲ್ಲಿದೆ. 1857ರ ದಂಗೆಯ ಸಾಲ ತೀರಿಸಲು ಜೇಮ್ಸ್ ವಿಲ್ಸನ್ 1860ರಲ್ಲಿ ಭಾರತಕ್ಕೆ ಆದಾಯ ತೆರಿಗೆಯನ್ನು ತಂದ. ಮರುವರ್ಷವೇ ಅಮೆರಿಕದ ಅಂತರ್ಯುದ್ಧ ಅಲ್ಲಿಯೂ ಅದೇ ತೆರಿಗೆಯನ್ನು ಹುಟ್ಟಿಸಿತು. 1861ರ ಕಾಯಿದೆ 800 ಡಾಲರ್ ಮೀರಿದ ವರಮಾನಕ್ಕೆ ಶೇಕಡಾ 3ರಷ್ಟು ತೆರಿಗೆ ವಿಧಿಸಿತು. ಹೊರದೇಶದಲ್ಲಿ ನೆಲೆಸಿದ ಪ್ರಜೆಗಳು ಅಮೆರಿಕದಿಂದ ಪಡೆಯುವ ಆದಾಯಕ್ಕೆ ದರ ಶೇಕಡಾ 5. ದೇಶ ಹೊತ್ತಿ ಉರಿಯುವಾಗ ಪ್ಯಾರಿಸ್ಸಿನಲ್ಲಿ ಹಾಯಾಗಿರುವ ಸಿರಿವಂತರ ಮೇಲಿನ ಸಿಟ್ಟು ಆ ಕಾಲದ ರಾಜಕೀಯದಲ್ಲಿತ್ತು. 1864ರಲ್ಲಿ ಹೊರಗಿರುವ ಪ್ರಜೆಗಳ ಜಗತ್ತಿನೆಲ್ಲೆಡೆಯ ವರಮಾನವೂ ತೆರಿಗೆಗೆ ಸೇರಿತು. ಯುದ್ಧ ಮುಗಿಯಿತು, 1872ಕ್ಕೆ ಆ ತೆರಿಗೆಯೂ ಮುಗಿಯಿತು. ಸಂವಿಧಾನದ ಹದಿನಾರನೆಯ ತಿದ್ದುಪಡಿಯ ಬಳಿಕ 1913ರಲ್ಲಿ ಆದಾಯ ತೆರಿಗೆ ಮರಳಿ ಬಂದಾಗ ಹೊರಗಿರುವ ಪ್ರಜೆಯ ಮೇಲಿನ ಹಕ್ಕೂ ಅದರ ಜೊತೆಗೇ ಬಂತು.

ಅದೇ ಹೊತ್ತಿನಲ್ಲಿ ಇನ್ನೊಂದು ಕಥೆ ನಡೆಯುತ್ತಿತ್ತು. 1907ರ ಕಾಯಿದೆಯ ಪ್ರಕಾರ ವಿದೇಶೀಯನನ್ನು ಮದುವೆಯಾದ ಅಮೆರಿಕದ ಹೆಣ್ಣು ತನ್ನ ಪೌರತ್ವ ಕಳೆದುಕೊಂಡು ಗಂಡನ ದೇಶದವಳಾಗುತ್ತಿದ್ದಳು. ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ಎಥೆಲ್ ಮೆಕೆಂಝಿ ಸ್ಕಾಟ್ಲೆಂಡಿನ ಗಾಯಕನೊಬ್ಬನನ್ನು ಮದುವೆಯಾಗಿ ಅಲ್ಲಿಯೇ ಸಂಸಾರ ಹೂಡಿದ್ದಳು. 1911ರಲ್ಲಿ ಆ ರಾಜ್ಯದ ಹೆಂಗಸರಿಗೆ ಮತದಾನದ ಹಕ್ಕು ಸಿಕ್ಕಿತು. ಹೆಸರು ಬರೆಸಲು ಹೋದ ಎಥೆಲ್‌ಗೆ, ನೀನು ಈ ದೇಶದವಳಲ್ಲ ಎಂಬ ಉತ್ತರ ಬಂತು. ಆಕೆ ಊರು ಬಿಟ್ಟು ಕದಲಿರಲಿಲ್ಲ. ಸುಪ್ರೀಂ ಕೋರ್ಟಿನವರೆಗೂ ಹೋದಳು, 1915ರಲ್ಲಿ ಸೋತಳು. ತೀರ್ಪು ಬರೆದವರು ನ್ಯಾಯಮೂರ್ತಿ ಜೋಸೆಫ್ ಮೆಕೆನ್ನ. ಗಂಡಹೆಂಡಿರು ಒಂದೇ ಎಂಬುದು ಹಳೆಯ ತತ್ವ, ಪರಿಣಾಮ ತಿಳಿದೇ ಮದುವೆಯಾದ್ದರಿಂದ ಪೌರತ್ವವನ್ನು ಅವಳೇ ಬಿಟ್ಟುಕೊಟ್ಟಂತಾಯಿತು ಎಂಬುದು ಅದರ ಸಾರ.

1922ರ ಕೇಬಲ್ ಕಾಯಿದೆ ಈ ಅನ್ಯಾಯವನ್ನು ಅರ್ಧ ಸರಿಪಡಿಸಿತು. ಪೌರತ್ವಕ್ಕೆ ಅರ್ಹನಲ್ಲದ ಪರದೇಶಿಯನ್ನು ಮದುವೆಯಾದ ಹೆಂಗಸಿಗೆ ಮಾತ್ರ ಹಳೆಯ ಶಿಕ್ಷೆಯೇ ಉಳಿಯಿತು. ಹಾಗೆ ಅನರ್ಹರಾದವರ ಸಾಲಿಗೆ ಮರುವರ್ಷ ಭಾರತೀಯರೂ ಸೇರಿದರು. ಭಗತ್ ಸಿಂಗ್ ಥಿಂದ್ ಮೊಕದ್ದಮೆಯಲ್ಲಿ 1923ರ ಫೆಬ್ರವರಿಯಲ್ಲಿ, ಭಾರತೀಯರು ಬಿಳಿಯರಲ್ಲವಾದ್ದರಿಂದ ಪೌರರಾಗುವಂತಿಲ್ಲ ಎಂದು ಕೋರ್ಟು ಹೇಳಿತು. ಬಂಗಾಳದ ಕ್ರಾಂತಿಕಾರಿ ತಾರಕನಾಥ ದಾಸ್ ಅವರನ್ನು ಮದುವೆಯಾದ ಮೇರಿ ದಾಸ್ ಹುಟ್ಟಿನಿಂದ ಅಮೆರಿಕದವರು. ಆ ಮದುವೆಯ ಕಾರಣಕ್ಕೇ ತಮ್ಮ ಪೌರತ್ವ ಹೋಯಿತೆಂಬ ಮಾತನ್ನು ಅವರು ಕೇಳಬೇಕಾಯಿತು. ಭಾರತೀಯರಿಗೆ ಆ ಬಾಗಿಲು ತೆರೆದದ್ದು 1946ರಲ್ಲಿ.

ಈ ನಡುವೆ ಜಾರ್ಜ್ ಕುಕ್ ಎಂಬ ಅಮೆರಿಕನ್ ಮೆಕ್ಸಿಕೊ ನಗರದಲ್ಲಿ ನೆಲೆಸಿದ್ದ. ಅವನ ಆಸ್ತಿ, ವರಮಾನ ಎಲ್ಲವೂ ಅಲ್ಲಿಯವು. 1921ರ ಆದಾಯಕ್ಕೆ 1,193 ಡಾಲರ್ ತೆರಿಗೆ ಬಂದಾಗ ಮೊದಲ ಕಂತು ಕಟ್ಟಿ ಮೊಕದ್ದಮೆ ಹೂಡಿದ. 1924ರ ಮೇ ತಿಂಗಳಲ್ಲಿ ಅವನೂ ಸೋತ. ಸರ್ಕಾರ ತನ್ನ ಪ್ರಜೆಗೆ ಅವನು ಎಲ್ಲಿದ್ದರೂ ಉಪಕಾರಿಯೇ, ಆದ್ದರಿಂದ ಎಲ್ಲಿದ್ದರೂ ತೆರಿಗೆ ಕೇಳಬಲ್ಲದು ಎಂದಿತು ಕೋರ್ಟು. ಇಂದಿಗೂ ಆಧಾರವಾಗಿರುವ ಈ ತೀರ್ಪನ್ನು ಬರೆದವರೂ ಮೆಕೆನ್ನ ಅವರೇ.

ಎರಡು ತೀರ್ಪುಗಳನ್ನೂ ಅಕ್ಕಪಕ್ಕ ಇಟ್ಟು ಓದಿದಾಗ ನಾನು ಬಹಳ ಹೊತ್ತು ಅಲ್ಲೇ ನಿಂತೆ. ಊರು ಬಿಡದ ಹೆಣ್ಣಿನ ಪೌರತ್ವ ಒಂದು ತಾಳಿಯಷ್ಟು ಸಣ್ಣ ಕಾರಣಕ್ಕೆ ಕಳಚಿ ಬಿತ್ತು. ಊರು ಬಿಟ್ಟ ಗಂಡಿನ ಪೌರತ್ವ ಸಾವಿರಾರು ಮೈಲಿ ದಾಟಿದರೂ ಅಂಟಿಕೊಂಡೇ ಇತ್ತು. ಮತ ಕೇಳಿದಾಗ ಸಡಿಲ, ತೆರಿಗೆ ಕೇಳುವಾಗ ಬಿಗಿ.

ಈಗ ಇಂದಿನ ಒಂದು ಸಂಸಾರವನ್ನು ಊಹಿಸಿಕೊಳ್ಳೋಣ. ಹೆಂಡತಿ ಅಲ್ಲಿ ಪೌರತ್ವ ಪಡೆದವಳು, ಗಂಡ ಗ್ರೀನ್ ಕಾರ್ಡಿನಲ್ಲೇ ಉಳಿದವನು. ವಯಸ್ಸಾದ ತಂದೆತಾಯಿಗಾಗಿ ಇಬ್ಬರೂ ಮೈಸೂರಿಗೆ ಮರಳುತ್ತಾರೆ. ಕಾರ್ಡನ್ನು ಪೆಟ್ಟಿಗೆಯಲ್ಲಿಟ್ಟು ಮರೆತರೆ ತೆರಿಗೆಯ ಹೊಣೆ ತಪ್ಪುವುದಿಲ್ಲ. ಐ-407 ಎಂಬ ಫಾರಂ ತುಂಬಿ ವಿಧ್ಯುಕ್ತವಾಗಿ ಬಿಟ್ಟುಕೊಡಬೇಕು. ಕೊನೆಯ 15 ವರ್ಷಗಳಲ್ಲಿ 8 ವರ್ಷ ಕಾರ್ಡು ಇದ್ದವರಿಗೆ 2008ರ ಕಾಯಿದೆಯ ನಿರ್ಗಮನ ನಿಯಮಗಳು ಅನ್ವಯಿಸುತ್ತವೆ. ಆಸ್ತಿ 20 ಲಕ್ಷ ಡಾಲರ್ ಮುಟ್ಟಿದ್ದರೆ ಹೊರಡುವ ಹಿಂದಿನ ದಿನ ಅದನ್ನೆಲ್ಲ ಮಾರಿದಂತೆ ಲೆಕ್ಕ ಹಾಕುತ್ತಾರೆ.

ಇದೆಲ್ಲ ಮುಗಿದ ಮೇಲೆ ಅವನು ಆ ಕಾನೂನಿನ ಕಣ್ಣಿನಲ್ಲಿ ಅನಿವಾಸಿ ಪರದೇಶಿ. ಅವಳು ಮಾತ್ರ ಕುಕ್‌ನ ವಾರಸುದಾರಳು. 1948ರಿಂದ ದಂಪತಿಗಳಿಗೆ ಜಂಟಿ ಲೆಕ್ಕದಿಂದ ತೆರಿಗೆ ಇಳಿಯುವ ಅನುಕೂಲವಿದೆ, ಆದರೆ ಸಂಗಾತಿ ಅನಿವಾಸಿ ಪರದೇಶಿಯಾದರೆ ಅದಿಲ್ಲ. 1976ರಲ್ಲಿ ಒಂದು ದಾರಿ ಮಾಡಿಕೊಟ್ಟರು: ಇಬ್ಬರೂ ಒಪ್ಪಿದರೆ ಗಂಡನನ್ನೂ ನಿವಾಸಿಯೆಂದೇ ಎಣಿಸಬಹುದು. ಆಗ ಅವನ ಇಲ್ಲಿನ ಸಂಬಳದ ಜೊತೆಗೆ ಗದ್ದೆಯ ಭತ್ತದ ವರಮಾನವೂ ಅಲ್ಲಿನ ಲೆಕ್ಕಕ್ಕೆ ಸೇರುತ್ತದೆ. ಭಾರತದ ಆದಾಯ ತೆರಿಗೆ ಮುಟ್ಟದ ಕೃಷಿ ಆದಾಯ ಅದು. ಈ ಒಪ್ಪಿಗೆಯನ್ನು ಒಮ್ಮೆ ಹಿಂತೆಗೆದರೆ ಅದೇ ದಂಪತಿಗೆ ಮತ್ತೆ ಸಿಗುವುದಿಲ್ಲ.

ಒಪ್ಪದಿದ್ದರೆ ಅವಳು ಸಾಮಾನ್ಯವಾಗಿ ‘ವಿವಾಹಿತೆ, ಪ್ರತ್ಯೇಕ’ ಎಂದು ಲೆಕ್ಕ ಕೊಡುತ್ತಾಳೆ. ಆ ವರ್ಗದವರು ವರ್ಷಕ್ಕೆ 5 ಡಾಲರ್ ವರಮಾನವಿದ್ದರೂ ಲೆಕ್ಕ ಸಲ್ಲಿಸಬೇಕು. ಕೊನೆಗೆ ಕಟ್ಟುವ ತೆರಿಗೆ ಹಲವರಿಗೆ ಸೊನ್ನೆ. ಹೊರದೇಶದ ಗಳಿಕೆಗೆ 1926ರಲ್ಲೇ ಬಂದ ವಿನಾಯಿತಿ ಇಂದು ಬೇರೆ ರೂಪದಲ್ಲಿದೆ, ಭಾರತದಲ್ಲಿ ಕಟ್ಟಿದ ತೆರಿಗೆಯನ್ನೂ ಕಳೆಯಬಹುದು. 1989ರಲ್ಲಿ ಸಹಿಯಾದ ಎರಡು ದೇಶಗಳ ತೆರಿಗೆ ಒಪ್ಪಂದವೂ ಇದೆ, ಆದರೆ ತನ್ನ ಪ್ರಜೆಗಳಿಗೆ ತೆರಿಗೆ ಹಾಕುವ ಹಕ್ಕನ್ನು ಅಮೆರಿಕ ಅದರಲ್ಲೂ ಉಳಿಸಿಕೊಂಡಿದೆ.

ಭಾರ ಇರುವುದು ಹಣಕ್ಕಿಂತ ಲೆಕ್ಕದಲ್ಲಿ. ಅವಳ ಹೆಸರಿರುವ ಹೊರದೇಶದ ಖಾತೆಗಳ ಮೊತ್ತ ಒಂದು ದಿನ 10,000 ಡಾಲರ್ ದಾಟಿದರೂ ವರದಿ ಮಾಡಬೇಕು. ಗಂಡನ ಸಂಬಳ ಬೀಳುವ ಜಂಟಿ ಖಾತೆಯಿದ್ದರೆ ಅದರ ಪೂರ್ತಿ ಮೊತ್ತವೂ ಅದಕ್ಕೆ ಸೇರುತ್ತದೆ. ಅವನು ವರ್ಷದಲ್ಲಿ ಒಂದು ಲಕ್ಷ ಡಾಲರ್ ಮೀರಿ ಅವಳಿಗೆ ಉಡುಗೊರೆ ಕೊಟ್ಟರೆ ಅದಕ್ಕೆ ಇನ್ನೊಂದು ಫಾರಂ. 2010ರ ಫಾಟ್ಕಾ ಕಾಯಿದೆ ಮತ್ತು 2015ರ ಭಾರತ–ಅಮೆರಿಕ ಒಪ್ಪಂದದ ಬಳಿಕ ನಮ್ಮ ಬ್ಯಾಂಕುಗಳೇ ಅಂಥ ಖಾತೆಗಳ ಮಾಹಿತಿಯನ್ನು ಕಳಿಸುತ್ತವೆ. ಹಾಗಾಗಿ ಕೆಲವರು ಜಂಟಿ ಖಾತೆ ಮುಚ್ಚುತ್ತಾರೆ, ಮನೆಯ ಪತ್ರದಲ್ಲಿ ಯಾರ ಹೆಸರಿರಬೇಕೆಂದು ಮತ್ತೆ ಯೋಚಿಸುತ್ತಾರೆ.

ನನ್ನನ್ನು ಕಾಡುವುದು ಇದು. ಗಂಡನ ನೆರಳಿನಿಂದ ಹೊರಬಂದು ಸ್ವತಂತ್ರ ಪ್ರಜೆಯಾಗಲು ಎಥೆಲ್ ಮತ್ತು ಮೇರಿಯಂಥವರು ತೆತ್ತ ಬೆಲೆ ದೊಡ್ಡದು. ಆ ಸ್ವಾತಂತ್ರ್ಯ ಇಂದಿನ ಹೆಂಡತಿಗೆ ಸಿಕ್ಕಿದೆ, ಗಂಡ ಕಾರ್ಡು ಬಿಟ್ಟರೂ ಅವಳ ಪೌರತ್ವಕ್ಕೆ ಧಕ್ಕೆಯಿಲ್ಲ. ಆದರೆ ಅದೇ ಪೌರತ್ವವನ್ನು ಕಾಪಾಡಿಕೊಳ್ಳಲು ಅವಳು ಮನೆಯ ಹಣದಿಂದ ತನ್ನ ಹೆಸರನ್ನು ದೂರವಿಡಬೇಕಾಗಿ ಬಂದರೆ, ಹೆಣ್ಣಿನ ಹೆಸರಿನಲ್ಲಿ ಆಸ್ತಿ ಇರುವುದೇ ಅಪರೂಪವಾದ ನಮ್ಮಲ್ಲಿ ನಷ್ಟ ಯಾರದು? ತೆರಿಗೆಯ ಸಲಹೆಗಾರರು ‘ಎಲ್ಲವನ್ನೂ ಗಂಡನ ಹೆಸರಿಗೆ ಮಾಡಿ’ ಎಂದಾಗ, ಆ ಸಲಹೆ ಕಾನೂನಿನ ಪ್ರಕಾರ ಸರಿಯಿದ್ದರೂ, ಸಹಿ ಹಾಕುವ ಮೊದಲು ಆಕೆ ಒಂದು ಕ್ಷಣ ಎಥೆಲ್ ಮೆಕೆಂಝಿಯನ್ನು ನೆನೆಯುವುದು ಒಳ್ಳೆಯದು.