ಹಿತ್ತಿಲ ಕೇದಗೆ

ಶಹಾಬಾದ ಎಂದೊಡನೆ ಕಣ್ಣಿಗೆ ಬರುವುದು ಹಾಸುಗಲ್ಲು. ಇಲ್ಲಿಯ ಫರಸಿ ಎಷ್ಟೋ ಊರುಗಳ ಅಡುಗೆಮನೆಗಳಲ್ಲಿ ನೆಲವಾಗಿದೆ. ಇಂಥ ಕಲ್ಲಿನ ಊರಿನಲ್ಲಿ ನೀರಿನ ಅಂಚನ್ನೇ ಬಯಸುವ ಕೇದಗೆಯ ಮಾತೆತ್ತುವುದು ವಿನೋದವೆಂದು ಕೆಲವರಿಗೆ ತೋರಬಹುದು. ಆದರೆ ಈ ಸೀಮೆಯಲ್ಲಿ ಕಾಗಿಣಾ ಹರಿಯುತ್ತದೆ. ಅದೇ ನದಿಯ ದಂಡೆಯ ಮೇಲೆ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ, ಇಂದಿನ ಸೇಡಂ ತಾಲೂಕಿನ ಮಳಖೇಡ, ಮೆರೆದಿತ್ತು.

ಸಂಸ್ಕೃತದ ಕೇತಕಿ ನಮ್ಮಲ್ಲಿ ಕೇದಗೆಯಾಗಿ, ಆಡುಮಾತಿನಲ್ಲಿ ಕ್ಯಾದಗಿಯಾಯಿತು, ಉರ್ದುವಿನಲ್ಲಿ ಕೇವಡಾ. ಪರಿಮಳವನ್ನು ನಮ್ಮ ಹಿರಿಯರು ಬರಿಯ ಭೋಗವೆಂದು ಎಣಿಸಲಿಲ್ಲ, ವಿದ್ಯೆಯೆಂದು ತಿಳಿದಿದ್ದರು. ಚಾಲುಕ್ಯ ಜಯಸಿಂಹನ ಕಾಲದಲ್ಲಿ, ಸುಮಾರು 1025ರಲ್ಲಿ, ಚಾವುಂಡರಾಯನೆಂಬ ಕವಿ ಕನ್ನಡದಲ್ಲಿ 'ಲೋಕೋಪಕಾರ'ವನ್ನು ರಚಿಸಿದನು. ಅಂತರ್ಜಲದ ಗುರುತು, ಗಿಡಮರಗಳ ಆರೈಕೆ, ಸುಗಂಧದ್ರವ್ಯ, ಅಡುಗೆ ಎಲ್ಲಕ್ಕೂ ಅದರಲ್ಲಿ ಎಡೆಯುಂಟು. ಮುಂದಿನ ಶತಮಾನದಲ್ಲಿ ಕಲ್ಯಾಣದ ಮೂರನೆಯ ಸೋಮೇಶ್ವರನೂ ತನ್ನ 'ಮಾನಸೋಲ್ಲಾಸ'ದಲ್ಲಿ ಗಂಧಭೋಗವನ್ನು ವಿವರಿಸಿದನು.

ಇಷ್ಟು ಮನ್ನಣೆಯ ಹೂವಿಗೆ ಒಂದು ಶಾಪವೂ ಅಂಟಿದೆ. ಲಿಂಗದ ತುದಿಯನ್ನು ಕಂಡೆನೆಂದ ಬ್ರಹ್ಮನ ಪರವಾಗಿ ಸುಳ್ಳುಸಾಕ್ಷಿ ನುಡಿದುದರಿಂದ ಶಿವಪೂಜೆಗೆ ಅದು ಎರವಾಯಿತೆಂದು ಪುರಾಣಕಥೆ. ದೇವರ ಮುಡಿಗೆ ಸಲ್ಲದ ಹೂವು ಹೆಣ್ಣುಮಕ್ಕಳ ಜಡೆಗೆ ಸಂದಿತು. ಅದರ ಹೆಸರಿನಲ್ಲಿ ಚಿನ್ನದ ಜಡೆಯಾಭರಣವೂ ಆಯಿತು.

ಕೇದಗೆಯಲ್ಲಿ ಗಂಡುಗಿಡ, ಹೆಣ್ಣುಗಿಡ ಬೇರೆಬೇರೆ. ನಾವು ಮುಡಿಯುವ ಪರಿಮಳದ ಹೊಂಬಣ್ಣದ ಗರಿಗಳು ಗಂಡುಗಿಡದವು. ಹೆಣ್ಣುಗಿಡ ಅನಾನಸಿನಂತಹ ಕಾಯಿ ಬಿಡುತ್ತದೆ. ಈ ಪರಿಮಳವನ್ನು ಭಟ್ಟಿಯಿಳಿಸುವ ಕಸುಬಿಗೆ ಒಡಿಶಾದ ಗಂಜಾಂ ಜಿಲ್ಲೆ ಹೆಸರಾಗಿದೆ. ತಾಮ್ರದ ಹಂಡೆಯಲ್ಲಿ ಹೂಗಳನ್ನು ನೀರಿನೊಡನೆ ಕುದಿಸಿ, ಹಬೆಯನ್ನು ತಣಿಸಿ, ಗಂಧದೆಣ್ಣೆಯಲ್ಲಿ ಹಿಡಿದಿಡುವುದು ಹಳೆಯ ಕ್ರಮ. ಬಿರಿಯಾನಿಗೂ ಮಿಠಾಯಿಗೂ ಚಿಮುಕಿಸುವ ಕೇವಡಾ ನೀರು ಈ ಹೂವಿನದೇ.

ಹಿತ್ತಿಲಲ್ಲಿ ಬೆಳೆಸುವವರು ಮೊದಲು ಮಾಡಬೇಕಾದುದು ವಿಚಾರಣೆ. ಪರಿಮಳದ ಹೂ ಬಿಟ್ಟುದನ್ನು ಕಣ್ಣಾರೆ ಕಂಡ ಗಿಡದಿಂದಲೇ ಮರಿಯನ್ನು ಕಿತ್ತು ತರಬೇಕು. ಕೇಳದೆ ತಂದರೆ ಮೂರು ನಾಲ್ಕು ವರ್ಷ ಕಾದ ಮೇಲೆ ಕಾಯಿ ಕಂಡು ನಿರಾಶರಾಗಬೇಕಾದೀತು. ಕಲ್ಲು ಮೇಲೆಯೇ ಇರುವ ನಮ್ಮ ನೆಲದಲ್ಲಿ ದೊಡ್ಡ ಗುಂಡಿ ತೋಡಿ, ಹೊಳೆಯ ಮೆಕ್ಕಲುಮಣ್ಣು ಮತ್ತು ಕೊಳೆತ ಗೊಬ್ಬರ ತುಂಬಿ, ಮಳೆಗಾಲದ ಆರಂಭದಲ್ಲಿ ನೆಡುವುದು ಒಳ್ಳೆಯದು. ಬಚ್ಚಲ ನೀರು ಹರಿಯುವ ಕಡೆ ತಕ್ಕ ಸ್ಥಳ. ಎಲೆಯಂಚಿನಲ್ಲಿ ಮುಳ್ಳಿರುವುದರಿಂದ ಮಕ್ಕಳು ಓಡಾಡುವ ದಾರಿಯಿಂದ ದೂರವಿರಲಿ.

ಹಳ್ಳದ ದಂಡೆಯಲ್ಲಿ ಬರಿಯ ಮುಳ್ಳುಪೊದೆಯೆಂದು ಇದನ್ನು ಕಡಿದುಹಾಕುವುದು ಸುಲಭ. ಕಡಿದ ಪೊದೆಯೊಡನೆ ಗಂಡುಗಿಡದ ಗುರುತು ಬಲ್ಲ ಹಿರಿಯರ ತಿಳಿವೂ ಹೋಗುತ್ತದೆ. ಸೀಸೆಯ ಪರಿಮಳ ಪೇಟೆಯಲ್ಲಿ ಸಿಕ್ಕೀತು. ಮರಿಯನ್ನು ಕೊಡಲು ಮಾತ್ರ ನೆರೆಹೊರೆಯಲ್ಲಿ ಒಂದಾದರೂ ತಾಯಿಗಿಡ ಉಳಿದಿರಬೇಕು.