ಮುಂಬಯಿ ದಾರಿಯ ಚಿತ್ರಪಟ

'ಕಾಂತಾರ'ವನ್ನು (2022) ಚಿತ್ರಮಂದಿರದಲ್ಲಿ ನೋಡಿದ್ದೆ. ಮೊನ್ನೆ ಮನೆಯಲ್ಲಿ ಕುಳಿತು 'ಮಿಂಚಿನ ಓಟ'ವನ್ನು (1980) ಮತ್ತೆ ನೋಡಿದೆ. ಮೊದಲನೆಯದು ಕರಾವಳಿಯದೆಂದು ಎಲ್ಲರೂ ಒಪ್ಪುವರು. ಕಾರುಗಳ್ಳರ ಕಥೆಯಾದ ಎರಡನೆಯದೂ ಕರಾವಳಿಯದೇ ಎಂದರೆ ವಾಚಕರು ನಕ್ಕಾರು!

ಭಟ್ಕಳ, ಹೊನ್ನಾವರ, ಕುಮಟೆಗಳು 1956ರ ನವೆಂಬರ್ 1ರವರೆಗೆ ಮುಂಬಯಿ ರಾಜ್ಯದಲ್ಲಿದ್ದವು. ಹೊಟ್ಟೆಪಾಡಿಗೆ ಇಲ್ಲಿನ ಎಷ್ಟೋ ಮಂದಿ ಹಿಡಿದ ದಾರಿಯೂ ಅದೇ. ಭಟ್ಕಳದ ಬಳಿಯ ಶಿರಾಲಿಯಲ್ಲಿ ಓದಿದ ಅನಂತನಾಗ್, 1954ರಲ್ಲಿ ಹೊನ್ನಾವರದಲ್ಲಿ ಹುಟ್ಟಿದ ತಮ್ಮ ಶಂಕರನಾಗ್ ಇಬ್ಬರೂ ಮುಂಬಯಿಯ ರಂಗಭೂಮಿಯಲ್ಲಿ ಪಳಗಿದವರು. ಮನೆಮಾತು ಕೊಂಕಣಿ, ನಾಟಕ ಮರಾಠಿ, ಹೆಸರು ಬಂದದ್ದು ಕನ್ನಡದಲ್ಲಿ! ಮರಾಠಿ ನಾಟಕದ ಶಂಕರರನ್ನು ಗಿರೀಶ ಕಾರ್ನಾಡರು 'ಒಂದಾನೊಂದು ಕಾಲದಲ್ಲಿ' (1978) ಚಿತ್ರಕ್ಕೆ ಕರೆತಂದರು. ಎರಡೇ ವರ್ಷಕ್ಕೆ ಅವರೇ ನಿರ್ದೇಶಕರಾಗಿ 'ಮಿಂಚಿನ ಓಟ'ವನ್ನು ತೆರೆಗೆ ತಂದರು. ಅದರ ಕಳ್ಳರ ಮಾತಿನಲ್ಲಿ ಕಂಪನಿ ನಾಟಕದ ಏರುದನಿ ಇಲ್ಲದಿರುವುದು ಆ ಮುಂಬಯಿ ಪಾಠದಿಂದಲೇ ಎಂದು ನನಗೆ ತೋರುತ್ತದೆ.